ಟೀಲ್, ನವಿಲು ನೀಲಿ, ಸೀ ಗ್ರೀನ್: ಮನೆ ಒಳಗೋಡೆಗೆ ಸರಿಯಾದ ನೀಲಿಹಸಿರು ಆರಿಸ್ಕೊಳ್ಳೋದು ಹೇಗೆ

ಟೀಲ್ ಬಣ್ಣ ಇಷ್ಟಪಡೋರು ತುಂಬ ಜನ ಇದ್ದಾರೆ, ಆದ್ರೆ ಗೋಡೆಗೆ ಹಚ್ಚಿಸೋ ಹೊತ್ತು ಬಂದಾಗ ಧೈರ್ಯ ಸಾಲದೆ ಕ್ರೀಮೋ ಆಫ್ ವೈಟೋ ಹಾಕಿಸ್ಕೊಂಡು ಸುಮ್ಮನಾಗೋರೇ ಜಾಸ್ತಿ. ಆ ಹೆದರಿಕೆಗೆ ಕಾರಣನೂ ಇದೆ. ಶೇಡ್ ಕಾರ್ಡಲ್ಲಿ ನೀಲಿ ಥರ ಕಂಡಿದ್ದು ಗೋಡೆ ಮೇಲೆ ಹಸಿರಾಗುತ್ತೆ, ಮಧ್ಯಾಹ್ನ ಚೆನ್ನಾಗಿದ್ದಿದ್ದು ರಾತ್ರಿ ಲೈಟ್ ಹಾಕಿದ ತಕ್ಷಣ ಬೂದಿ ಬಳಿದ ಹಾಗಾಗುತ್ತೆ, ಮನೇಲಿ ಒಬ್ರು ಇದು ನೀಲಿ ಅಂತಾರೆ ಇನ್ನೊಬ್ರು ಹಸಿರು ಅಂತ ಹಟ ಹಿಡೀತಾರೆ. ನೀಲಿಗೂ ಹಸಿರಿಗೂ ನಡುವಿನ ಗಡಿ ಮೇಲೇ ಕೂತಿರೋ ಬಣ್ಣ ಇದು, ಬೆಳಕು ಒಂಚೂರು ಅತ್ತಿತ್ತ ಆದ್ರೂ ಯಾವುದಾದ್ರೂ ಒಂದು ಕಡೆಗೆ ಉರುಳಿಬಿಡುತ್ತೆ. ಅದಕ್ಕೇ ನಾನು ಒತ್ತಿ ಹೇಳೋದು ಒಂದೇ ವಿಷಯ, ಶೇಡ್ ಹೆಸರಿಂದಾನೋ ಫೋನಲ್ಲಿ ನೋಡಿದ ಫೋಟೋದಿಂದಾನೋ ಶುರು ಮಾಡ್ಬೇಡಿ, ನಿಮ್ಮ ರೂಮಿನ ಬೆಳಕಿಂದ ಶುರು ಮಾಡಿ. ಕೆಳಗಿರೋ ಸ್ಟೆಪ್‌ಗಳ ಕ್ರಮ ಕೂಡ ಅದೇ ಲೆಕ್ಕದಲ್ಲಿದೆ, ಹಿಂದುಮುಂದು ಮಾಡಿದ್ರೆ ಅರ್ಧ ಕೆಲಸ ಮತ್ತೆ ಮಾಡ್ಬೇಕಾಗುತ್ತೆ.

ಶುರು ಮಾಡೋಕೆ ಮುಂಚೆ: ಟೀಲ್ ಅಂದ್ರೆ ಒಂದೇ ಬಣ್ಣ ಅಲ್ಲ

ಕಂಪ್ಯೂಟರಲ್ಲಿ ಟೀಲ್ ಅಂತ ಹೆಸರಿರೋ ಬಣ್ಣದ ಲೆಕ್ಕ ತುಂಬಾ ಸರಳ, ಕೆಂಪು 0, ಹಸಿರು 128, ನೀಲಿ 128, ಅಂದ್ರೆ ನೀಲಿ ಹಸಿರು ಎರಡೂ ಸರಿಸಮ. ಪೇಂಟ್ ಕಂಪನಿಗಳಿಗೆ ಈ ಥರ ಯಾವ ಕಟ್ಟುಪಾಡೂ ಇಲ್ಲ. ಒಂದು ಕಂಪನಿ ಟೀಲ್ ಅಂತ ಕರೆಯೋದನ್ನ ಇನ್ನೊಂದು ಕಂಪನಿ ಪೀಕಾಕ್ ಅಂತಲೋ ಲಗೂನ್ ಅಂತಲೋ ಓಷನ್ ಅಂತಲೋ ಕರೆಯುತ್ತೆ. ಬಣ್ಣಗಳಿಗೆ ನಂಬರ್ ಕೊಟ್ಟು ಗುರುತಿಸೋ ಕಂಪನಿ ಪ್ಯಾಂಟೋನ್‌ನೋರು 2010ಕ್ಕೆ ವರ್ಷದ ಬಣ್ಣ ಅಂತ ಆರಿಸಿದ್ದು ಟರ್ಕಾಯ್ಸ್, ಪೇಂಟ್ ಕಂಪನಿಗಳಲ್ಲಿ ಶರ್ವಿನ್ ವಿಲಿಯಮ್ಸ್‌ನೋರು 2018ಕ್ಕೆ ಓಷನ್‌ಸೈಡ್, ಬೆಂಜಮಿನ್ ಮೂರ್‌ನೋರು 2021ಕ್ಕೆ ಈಜಿಯನ್ ಟೀಲ್. ಮೂರೂ ನೀಲಿಹಸಿರೇ, ಆದ್ರೆ ಮೊದಲನೇದು ತಿಳಿಯಾಗಿ ಲವಲವಿಕೆಯಿಂದ ಇದೆ, ಎರಡನೇದು ಗಾಢ, ಮೂರನೇದ್ರಲ್ಲಿ ಬೂದು ಚೆನ್ನಾಗಿ ಬೆರೆತು ಮೆತ್ತಗಾಗಿದೆ. ಒಂದರ ಬದಲು ಇನ್ನೊಂದು ಹಚ್ಚಿದ್ರೆ ರೂಮೇ ಬೇರೆ ಆಗಿಹೋಗುತ್ತೆ.

ಹಾಗಾಗಿ ಹೆಸರು ಮರೆತುಬಿಡಿ, ಯಾವ ಶೇಡ್ ಕೈಗೆ ಬಂದ್ರೂ ಮೂರು ಪ್ರಶ್ನೆ ಕೇಳ್ಕೊಳ್ಳಿ. ನೀಲಿ ಕಡೆ ವಾಲಿದ್ಯಾ ಹಸಿರು ಕಡೆಗಾ? ಎಷ್ಟು ಗಾಢ? ಎಷ್ಟು ಬೂದು ಬೆರೆತಿದೆ? ಮೂರನೇ ಪ್ರಶ್ನೆಯನ್ನ ಯಾರೂ ಕೇಳಲ್ಲ, ನನ್ನ ಪ್ರಕಾರ ಮೂರರಲ್ಲಿ ಅದೇ ಮುಖ್ಯ, ಯಾಕೆ ಅಂತ ಮುಂದೆ ಹೇಳ್ತೀನಿ.

ವಾಲಿಕೆ ಗೊತ್ತಾಗ್ಬೇಕು ಅಂದ್ರೆ ಶೇಡನ್ನ ಒಂದೇ ಇಟ್ಕೊಂಡು ದಿಟ್ಟಿಸಿ ನೋಡಿದ್ರೆ ಆಗಲ್ಲ, ಕಣ್ಣು ಒಗ್ಗಿಹೋಗುತ್ತೆ. ಬಿಳಿ ಹಾಳೆ ಮೇಲೆ ಅದನ್ನಿಟ್ಟು ಒಂದು ಪಕ್ಕ ಅಪ್ಪಟ ನೀಲಿ, ಇನ್ನೊಂದು ಪಕ್ಕ ಅಪ್ಪಟ ಹಸಿರು ಇಡಿ, ಯಾವುದರ ಜೊತೆ ಹೊಂದಿಕೊಂಡು ಯಾವುದರ ಪಕ್ಕ ಬೇರೆಯಾಗಿ ಎದ್ದು ಕಾಣುತ್ತೆ ಅಂತ ತಕ್ಷಣ ಗೊತ್ತಾಗುತ್ತೆ. ತಿಳಿ ಶೇಡ್ ಆದ್ರೆ ಅದೇ ಪಟ್ಟಿಯ ಕೆಳಗಡೆ ಇರೋ ಗಾಢ ಶೇಡ್ ನೋಡಿ, ಹೆಚ್ಚಿನ ಕಾರ್ಡ್‌ಗಳಲ್ಲಿ ಒಂದೇ ಪಟ್ಟಿಯಲ್ಲಿರೋ ಶೇಡ್‌ಗಳು ಒಂದೇ ಕುಟುಂಬದವು, ತಿಳಿಯದ್ರಲ್ಲಿ ಅಡಗಿರೋ ಗುಣ ಗಾಢದಲ್ಲಿ ಬಾಯಿಬಿಟ್ಟು ಹೇಳುತ್ತೆ.

ಸ್ಟೆಪ್ 1: ರೂಮಿನ ಬೆಳಕನ್ನ ಓದಿ

ಬೆಳಿಗ್ಗೆ, ಮಧ್ಯಾಹ್ನ, ಸಂಜೆ, ರಾತ್ರಿ ನಾಲ್ಕು ಹೊತ್ತಲ್ಲೂ ರೂಮಲ್ಲಿ ನಿಂತು ನೋಡಿ, ಬರೆದಿಟ್ಕೊಳ್ಳಿ. ಜೊತೆಗೆ ಆ ರೂಮನ್ನ ನೀವು ಹೆಚ್ಚು ಬಳಸೋದು ಯಾವಾಗ ಅಂತಲೂ ಬರೀರಿ. ಬೆಳಿಗ್ಗೆ ಎದ್ದು ಹೋಗಿ ರಾತ್ರಿ ಮಾತ್ರ ಬರೋ ಬೆಡ್‌ರೂಮಿಗೆ ಮಧ್ಯಾಹ್ನದ ಬಿಸಿಲಲ್ಲಿ ಬಣ್ಣ ಆರಿಸಿ ಏನು ಪ್ರಯೋಜನ?

ಭೂಮಧ್ಯರೇಖೆಯಿಂದ ಉತ್ತರಕ್ಕಿರೋ ದೇಶಗಳಲ್ಲಿ ಉತ್ತರದ ಕಿಟಕಿಗೆ ನೇರ ಬಿಸಿಲು ಬೀಳೋದು ಕಡಿಮೆ, ಆಕಾಶದಿಂದ ಬರೋ ನೀಲಿ ಬೆರೆತ ತಂಪು ಬೆಳಕೇ ದಿನವಿಡೀ ಇರುತ್ತೆ. ಅಂಥ ರೂಮಲ್ಲಿ ನೀಲಿ ಕಡೆ ವಾಲಿರೋ ಟೀಲ್ ಹಚ್ಚಿದ್ರೆ ಇನ್ನೂ ನೀಲಿಯಾಗಿ, ಚಳಿ ಹಿಡಿದ ಹಾಗೆ ಕಾಣುತ್ತೆ. ಅಲ್ಲಿಗೆ ಹಸಿರು ಕಡೆ ವಾಲಿರೋದು, ಒಳಗೆ ಒಂದು ತೊಟ್ಟು ಹಳದಿ ಇರೋದು ಒಳ್ಳೇದು. ದಕ್ಷಿಣದ ಕಿಟಕಿಯಾದ್ರೆ ಉಲ್ಟಾ, ಬೆಚ್ಚಗಿನ ಬೆಳಕು ಹೇರಳವಾಗಿ ಬರೋದ್ರಿಂದ ಹಸಿರು ಟೀಲ್ ಇನ್ನೂ ಹಸಿರಾಗುತ್ತೆ, ನೀಲಿ ಟೀಲ್ ಹದವಾಗಿ ಕೂರುತ್ತೆ. ದಕ್ಷಿಣ ಗೋಳಾರ್ಧದಲ್ಲಿರೋರು ಈ ಎರಡು ದಿಕ್ಕನ್ನ ಅದಲುಬದಲು ಮಾಡ್ಕೊಳ್ಳಿ. ಪೂರ್ವದ ರೂಮು ಬೆಳಿಗ್ಗೆ ಹೊಂಬಣ್ಣ ಆಮೇಲೆ ತಂಪು, ಪಶ್ಚಿಮದ್ದು ಮಧ್ಯಾಹ್ನದವರೆಗೆ ಮಂಕು ಸಂಜೆ ಕಿತ್ತಳೆ. ಈ ಎರಡು ದಿಕ್ಕಿನ ರೂಮಲ್ಲಿ ಟೀಲ್ ದಿನಕ್ಕೆರಡು ವೇಷ ಹಾಕುತ್ತೆ, ಅದನ್ನ ತಪ್ಪಿಸೋಕಾಗಲ್ಲ, ನೀವು ಹೆಚ್ಚು ಹೊತ್ತು ಇರೋ ವೇಳೆಯ ವೇಷಕ್ಕೆ ಹೊಂದೋದನ್ನ ಆರಿಸ್ಕೊಳ್ಳಿ.

ದಿಕ್ಕು ಅಷ್ಟೇ ಸಾಕಾಗಲ್ಲ. ಕಿಟಕಿ ಆಚೆ ಮರ ಗಿಡ ದಟ್ಟವಾಗಿದ್ರೆ ಒಳಗೆ ಬರೋ ಬೆಳಕೇ ಹಸಿರು ಸೋಸಿಕೊಂಡು ಬರುತ್ತೆ, ಎದುರುಗಡೆ ಇಟ್ಟಿಗೆ ಬಣ್ಣದ ಗೋಡೆ ಇದ್ರೆ ಬೆಳಕಿಗೆ ಕೆಂಪು ಸೇರಿ ಟೀಲ್ ಮಂಕಾಗುತ್ತೆ. ಪುಸ್ತಕದಲ್ಲಿರೋ ದಿಕ್ಕಿನ ನಿಯಮಕ್ಕಿಂತ ನಿಮ್ಮ ಕಿಟಕೀಲಿ ಏನು ಕಾಣುತ್ತೆ ಅನ್ನೋದನ್ನೇ ನಂಬಿ.

ಸ್ಟೆಪ್ 2: ಬಣ್ಣಕ್ಕೆ ಮುಂಚೆ ಬಲ್ಬ್ ನಿಕ್ಕಿ ಮಾಡಿ

ಇದನ್ನ ಎಲ್ಲರೂ ಕೊನೆಗೆ ಮಾಡ್ತಾರೆ, ದಯವಿಟ್ಟು ಮೊದಲೇ ಮಾಡಿ. ಬಲ್ಬ್ ಡಬ್ಬದ ಮೇಲೆ ಕೆಲ್ವಿನ್ ಅಂತ ಒಂದು ಸಂಖ್ಯೆ ಇರುತ್ತೆ. 2700 ಅಂದ್ರೆ ಹಳದಿ ಬೆಚ್ಚಗಿನ ಬೆಳಕು, 4000 ಅಂದ್ರೆ ಅಷ್ಟೇನೂ ಹಳದಿ ಇಲ್ಲದ ಬಿಳಿ, 6500 ಅಂದ್ರೆ ನೀಲಿ ಬೆರೆತ ಬಿಳಿ. 2700ರ ಬೆಳಕಲ್ಲಿ ನೀಲಿ ಅಂಶನೇ ಕಡಿಮೆ, ಗೋಡೆ ವಾಪಸ್ ಕಳಿಸೋಕೆ ನೀಲಿ ಬೆಳಕೇ ಬಂದಿಲ್ಲ ಅಂದ್ಮೇಲೆ ಟೀಲ್ ಹಸಿರಿಗೆ ತಿರುಗುತ್ತೆ, ಬೂದು ಜಾಸ್ತಿ ಇರೋ ಶೇಡಾದ್ರೆ ಕೆಸರು ಹಸಿರೇ ಆಗ್ಬಹುದು. 6500ರಲ್ಲಿ ಅದೇ ಗೋಡೆ ನೀಲಿಯಾಗಿ ಚುರುಕಾಗಿ ಕಾಣುತ್ತೆ, ಆದ್ರೆ ಮನೆ ಅನ್ನೋ ಭಾವನೆ ಹೋಗಿ ಆಫೀಸ್ ಥರ ಆಗ್ಬಿಡುತ್ತೆ. ಟೀಲ್ ಗೋಡೆಗೆ ನಾನು 3000ದಿಂದ 3500 ಹೇಳ್ತೀನಿ, ಬೆಚ್ಚಗೂ ಇರುತ್ತೆ, ನೀಲಿನೂ ಉಳಿಯುತ್ತೆ.

ಇನ್ನೊಂದು ಸಂಖ್ಯೆ ಸಿಆರ್‌ಐ, ಬಣ್ಣಗಳನ್ನ ಬಲ್ಬ್ ಎಷ್ಟು ನಿಜವಾಗಿ ತೋರಿಸುತ್ತೆ ಅನ್ನೋ ಅಳತೆ, 100 ಪೂರ್ತಿ. 90ರ ಮೇಲಿರೋದನ್ನೇ ತಗೊಳ್ಳಿ, 80ರ ಬಲ್ಬಲ್ಲಿ ಎರಡು ಬೇರೆ ಬೇರೆ ಟೀಲ್‌ಗಳು ಒಂದೇ ಥರ ಮಂಕಾಗಿ ಕಾಣೋದುಂಟು. ಆಮೇಲೆ ಒಂದೇ ರೂಮಲ್ಲಿ ಒಂದು ಬಲ್ಬ್ ಹಳದಿ ಇನ್ನೊಂದು ಬಿಳಿ ಹಾಕ್ಬೇಡಿ, ಕ್ರೀಮ್ ಗೋಡೆ ಮೇಲೆ ಅದು ಗೊತ್ತಾಗದೆ ಹೋಗ್ಬಹುದು, ಟೀಲ್ ಗೋಡೆ ಮೇಲೆ ಒಂದು ಮೂಲೆ ಹಸಿರು ಇನ್ನೊಂದು ಮೂಲೆ ನೀಲಿ ಅಂತ ಎದ್ದು ಕಾಣುತ್ತೆ.

ಮಬ್ಬು ಬೆಳಕಿನ ವಿಷಯ ಒಂದಿದೆ, ನನಗೆ ತುಂಬ ಇಷ್ಟದ್ದು. ಬೆಳಕು ಕಡಿಮೆ ಆದಾಗ ಕಣ್ಣಿನ ಸೂಕ್ಷ್ಮತೆ ಹಳದಿಹಸಿರಿಂದ ನೀಲಿಹಸಿರಿನ ಕಡೆ ಸರಿಯುತ್ತೆ, ಬೆಳಕಿನ ತರಂಗಾಂತರದ ಲೆಕ್ಕದಲ್ಲಿ ಹಗಲಲ್ಲಿ ಸುಮಾರು 555 ನ್ಯಾನೋಮೀಟರ್ ಹತ್ರ ಇದ್ದಿದ್ದು ಕತ್ತಲಲ್ಲಿ ಸುಮಾರು 507ರ ಹತ್ರ ಬರುತ್ತೆ. 19ನೇ ಶತಮಾನದ ಚೆಕ್ ವಿಜ್ಞಾನಿ ಪುರ್ಕಿನ್ಯೆ ಇದನ್ನ ಗಮನಿಸಿದ್ರಿಂದ ಅವರ ಹೆಸರಲ್ಲೇ ಕರೀತಾರೆ. ನಮಗೆ ಇದರಿಂದ ಏನು ಅಂದ್ರೆ, ಮುಸ್ಸಂಜೆ ಹೊತ್ತಲ್ಲಿ ಕೆಂಪು, ಮರೂನ್ ಗೋಡೆ ಕಪ್ಪಗಾಗಿ ಮುಳುಗಿದ ಹಾಗೆ ಕಂಡ್ರೆ ನೀಲಿಹಸಿರು ಗೋಡೆ ಇನ್ನೂ ತೆಳ್ಳಗೆ ಬೆಳಗ್ತಾ ಇರೋ ಥರ ಕಾಣುತ್ತೆ. ಸಣ್ಣ ದೀಪ ಹಚ್ಕೊಂಡು ಕೂರೋ ಬೆಡ್‌ರೂಮು, ಓದೋ ಮೂಲೆ ಇಂಥ ಕಡೆಗೆ ಟೀಲ್ ಅಷ್ಟು ಚೆನ್ನಾಗಿ ಹೊಂದೋದಕ್ಕೆ ಇದೂ ಒಂದು ಕಾರಣ ಅಂತ ನನಗನ್ಸುತ್ತೆ.

ಸ್ಟೆಪ್ 3: ಬದಲಾಯಿಸೋಕಾಗದ ವಸ್ತುಗಳ ಪಟ್ಟಿ

ನೆಲ, ಟೈಲ್ಸ್, ಬಾಗಿಲು, ವಾರ್ಡ್‌ರೋಬ್, ದೊಡ್ಡ ಸೋಫಾ. ಇವು ಇದ್ದಲ್ಲೇ ಇರ್ತವೆ, ಬಣ್ಣನೇ ಇವುಗಳಿಗೆ ಬಗ್ಗಬೇಕು.

ಬಣ್ಣದ ಚಕ್ರದಲ್ಲಿ ನೀಲಿಹಸಿರಿಗೆ ನೇರ ಎದುರು ಕೂತಿರೋದು ಕೆಂಪು ಬೆರೆತ ಕಿತ್ತಳೆ. ಮರ, ತಾಮ್ರ, ಇಟ್ಟಿಗೆ, ಟೆರಾಕೋಟಾ, ಕಂದು ಲೆದರ್ ಎಲ್ಲ ಅದೇ ಕಡೆಯವು, ಹಾಗಾಗಿ ತೇಗದಂಥ ಬೆಚ್ಚಗಿನ ಮರದ ಪಕ್ಕ ಟೀಲ್ ತಾನೂ ಮೆರೆಯುತ್ತೆ ಮರವನ್ನೂ ಮೆರೆಸುತ್ತೆ. ಆದ್ರೆ ಮರಕ್ಕೆ ತುಂಬಾ ಕಿತ್ತಳೆ ಪಾಲಿಶ್ ಇದ್ದು ಟೀಲ್ ಕೂಡ ತುಂಬಾ ಗಟ್ಟಿಯಾಗಿದ್ರೆ ಎರಡೂ ಕೂಗಾಡ್ತವೆ, ಆಗ ಬೂದು ಬೆರೆತ ಟೀಲ್ ತಗೊಂಡ್ರೆ ಜಗಳ ನಿಲ್ಲುತ್ತೆ. ಬೂದು ನೆಲ, ಬೂದು ಸೋಫಾ ಇರೋ ಕಡೆ ಸ್ವಲ್ಪ ಹುಷಾರು. 1839ರಲ್ಲಿ ಫ್ರಾನ್ಸಿನ ರಸಾಯನಶಾಸ್ತ್ರಜ್ಞ ಷೆವ್ರೂಲ್ ಅಕ್ಕಪಕ್ಕದ ಬಣ್ಣಗಳು ಒಂದನ್ನೊಂದು ಹೇಗೆ ಬದಲಾಯಿಸ್ತವೆ ಅಂತ ವಿವರವಾಗಿ ಬರೆದರು, ಪ್ಯಾರಿಸ್‌ನ ಗೋಬ್ಲ್ಯಾ ನೇಯ್ಗೆ ಕಾರ್ಖಾನೆಯಲ್ಲಿ ಬಣ್ಣ ಹಾಕೋ ವಿಭಾಗ ನೋಡ್ಕೊಳ್ತಿದ್ದಾಗ ಕಪ್ಪು ದಾರ ಸರಿ ಇಲ್ಲ ಅನ್ನೋ ದೂರು ಬಂದು, ಹುಡುಕ್ತಾ ಹೋದ್ರೆ ತಪ್ಪು ದಾರದ್ದಾಗಿರ್ಲಿಲ್ಲ, ಪಕ್ಕದ ಬಣ್ಣಗಳದ್ದಾಗಿತ್ತು. ಅದೇ ಕಾರಣಕ್ಕೆ ಟೀಲ್ ಗೋಡೆ ಪಕ್ಕ ಇರೋ ಬೂದು ಸೋಫಾ ಸ್ವಲ್ಪ ಗುಲಾಬಿ ಛಾಯೆ ಹೊಡೆಯುತ್ತೆ, ಸೋಫಾ ಕೊಂಡಾಗ ಇಲ್ಲದಿದ್ದ ಗುಲಾಬಿ ಎಲ್ಲಿಂದ ಬಂತು ಅಂತ ತಲೆ ಕೆಡಿಸ್ಕೊಳ್ಳೋರನ್ನ ನೋಡಿದೀನಿ.

ಪರದೆ, ಸೋಫಾ ಬಟ್ಟೆನ ಗೋಡೆ ಬಣ್ಣಕ್ಕೇ ಮ್ಯಾಚ್ ಮಾಡೋಕೆ ಹೊರಟ್ರೆ ಇನ್ನೊಂದು ತೊಂದರೆ ಇದೆ. ಬಟ್ಟೆಗೆ ಹಾಕೋ ಡೈ ಬೇರೆ, ಪೇಂಟಿಗೆ ಹಾಕೋ ಪಿಗ್ಮೆಂಟ್ (ಬಣ್ಣದ ಪುಡಿ) ಬೇರೆ, ಅಂಗಡಿ ಬೆಳಕಲ್ಲಿ ಎರಡೂ ಒಂದೇ ಥರ ಕಂಡಿದ್ದು ಮನೆ ಬೆಳಕಲ್ಲಿ ಒಂದು ನೀಲಿ ಒಂದು ಹಸಿರು ಆಗ್ಬಹುದು, ಇದಕ್ಕೆ ಮೆಟಮೆರಿಸಂ ಅಂತಾರೆ, ನೀಲಿಹಸಿರಲ್ಲಿ ಇದು ಬೇಗ ಕಣ್ಣಿಗೆ ಬೀಳುತ್ತೆ. ಮ್ಯಾಚ್ ಮಾಡೋ ಗೋಜಿಗೇ ಹೋಗ್ಬೇಡಿ, ಬಟ್ಟೆ ಎರಡು ಮೂರು ಹಂತ ಗಾಢವೋ ತಿಳಿಯೋ ಇರಲಿ, ಇಲ್ಲಾ ಸಾಸಿವೆ ಹಳದಿ, ತುಕ್ಕು ಕೆಂಪು, ಮರಳು ಬಣ್ಣ ಹೀಗೆ ಬೇರೆ ಗುಂಪಿಗೇ ಹೋಗಿ.

ಸ್ಟೆಪ್ 4: ಎಷ್ಟು ಗಾಢ ಅಂತ ತೀರ್ಮಾನ ಮಾಡಿ

ಇಲ್ಲಿ ಎಲ್‌ಆರ್‌ವಿ ಅನ್ನೋ ಅಳತೆ ಕೆಲಸಕ್ಕೆ ಬರುತ್ತೆ, ಗೋಡೆಗೆ ಬಿದ್ದ ಬೆಳಕಲ್ಲಿ ಎಷ್ಟು ಪಾಲು ವಾಪಸ್ ಬರುತ್ತೆ ಅನ್ನೋದು. 0 ಅಂದ್ರೆ ಪೂರ್ತಿ ಕಪ್ಪು, 100 ಅಂದ್ರೆ ಪೂರ್ತಿ ಬಿಳಿ, ಬಹಳ ಕಂಪನಿಗಳು ಶೇಡ್ ವಿವರದಲ್ಲಿ ಕೊಟ್ಟಿರ್ತಾರೆ. ನೀಲಿಹಸಿರು ಗುಂಪಲ್ಲಿ ನಾನು ಮೂರು ಭಾಗ ಮಾಡ್ಕೊಂಡಿದ್ದೀನಿ. 55ರ ಮೇಲಿರೋವು ಆಕ್ವಾ, ತಿಳಿ ಸೀ ಗ್ರೀನ್ ಥರದವು, ರೂಮಿನ ಬೆಳಕು ಕಸಿಯಲ್ಲ, ಸಣ್ಣ ರೂಮು, ಪ್ಯಾಸೇಜಿಗೆ ನಿಶ್ಚಿಂತೆ. 20ರಿಂದ 50ರ ನಡುವಿನವು ಮಧ್ಯಮ, ನಾಲ್ಕೂ ಗೋಡೆಗೆ ಹಚ್ಚಿದ್ರೂ ರೂಮು ಮುಚ್ಚಿಕೊಂಡ ಹಾಗಾಗಲ್ಲ, ಆದ್ರೆ ಒಂದಾದ್ರೂ ಒಳ್ಳೆ ಕಿಟಕಿ ಬೇಕು. 15ರ ಕೆಳಗಿನವು ನವಿಲು ನೀಲಿ, ಪೆಟ್ರೋಲ್ ಬ್ಲೂ ಥರದ ಗಾಢ ಶೇಡ್‌ಗಳು, ಇವು ಬಿದ್ದ ಬೆಳಕನ್ನೆಲ್ಲ ನುಂಗ್ತವೆ, ಅದಕ್ಕೆ ತಕ್ಕ ಹಾಗೆ ದೀಪಗಳನ್ನ ಹೆಚ್ಚಿಸ್ಲೇಬೇಕು, ಮೇಲೊಂದೇ ಬಲ್ಬ್ ಇದ್ರೆ ಸಾಲಲ್ಲ, ಟೇಬಲ್ ಲ್ಯಾಂಪ್, ಗೋಡೆ ದೀಪ ಬೇಕೇ ಬೇಕು.

ಕತ್ತಲೆ ರೂಮಿಗೆ ತಿಳಿ ಬಣ್ಣನೇ ಹಚ್ಚಬೇಕು ಅನ್ನೋ ಮಾತನ್ನ ನಾನು ಪೂರ್ತಿ ಒಪ್ಪಲ್ಲ. ಕಿಟಕಿಯೇ ಸರಿಯಾಗಿಲ್ಲದ ರೂಮಲ್ಲಿ ತಿಳಿ ಆಕ್ವಾ ಹಚ್ಚಿದ್ರೆ ಅದನ್ನ ಬೆಳಗಿಸೋಕೆ ಬೆಳಕೇ ಇಲ್ಲದೆ ಕೊಳೆಯಾದ ಬೂದಿ ಥರ ಕಾಣುತ್ತೆ, ಅದೇ ರೂಮಿಗೆ ಗಾಢ ಟೀಲ್ ಹಚ್ಚಿ ಒಳ್ಳೆ ದೀಪ ಇಟ್ರೆ ಬೇಕು ಅಂತಲೇ ಹಾಗೆ ಮಾಡಿದ್ದು ಅನ್ನೋ ಗತ್ತು ಬರುತ್ತೆ.

ಈಗ ಆ ಬೂದಿನ ವಿಷಯ. ನಾಲ್ಕು ಗೋಡೆಗೂ ಒಂದೇ ಬಣ್ಣ ಇದ್ದಾಗ ಬೆಳಕು ಒಂದು ಗೋಡೆಯಿಂದ ಇನ್ನೊಂದಕ್ಕೆ ಪುಟಿದು, ಪ್ರತಿ ಸಲವೂ ಅದೇ ಬಣ್ಣ ಹೀರಿಕೊಂಡು ಗೋಡೆಗೆ ಗೋಡೆಯೇ ಬಣ್ಣ ಹಚ್ಚಿದ ಹಾಗೆ ಆಗುತ್ತೆ, ಹೀಗಾಗಿ ಅಂಗೈ ಅಗಲದ ಶೇಡ್ ಕಾರ್ಡಲ್ಲಿ ಹಿತವಾಗಿ ಕಂಡಿದ್ದು ರೂಮ್ ತುಂಬ ಹಚ್ಚಿದಾಗ ಕಣ್ಣಿಗೆ ಹೊಡೆಯೋಷ್ಟು ಜೋರಾಗುತ್ತೆ. ಇದಕ್ಕೆ ಮದ್ದು ಇಷ್ಟೇ, ನಿಮಗೆ ಇಷ್ಟ ಆದ ಶೇಡ್‌ಗಿಂತ ಒಂದು ಹಂತ ಹೆಚ್ಚು ಬೂದು ಬೆರೆತಿರೋದನ್ನ ತಗೊಳ್ಳಿ. ಕಾರ್ಡಲ್ಲಿ ಅದು ಸಪ್ಪೆ ಅನ್ನಿಸುತ್ತೆ, ಇದೇನು ಬಣ್ಣನೇ ಇಲ್ಲವಲ್ಲ ಅಂತ ಕೈಬಿಡೋಕೆ ಮನಸ್ಸಾಗುತ್ತೆ, ಗೋಡೆ ಮೇಲೆ ಅದೇ ನೀವು ಅಂದ್ಕೊಂಡಿದ್ದ ಟೀಲ್ ಆಗಿ ನಿಲ್ಲುತ್ತೆ. ಬರೀ ಒಂದು ಗೋಡೆಗಾದ್ರೆ, ಇಲ್ಲಾ ಪುಸ್ತಕದ ಕಪಾಟಿನ ಒಳಗಡೆಗಾದ್ರೆ ಬೂದು ಇಲ್ಲದ ಚುರುಕಿನ ಶೇಡನ್ನೂ ಧೈರ್ಯವಾಗಿ ಹಾಕ್ಬಹುದು.

ಸ್ಟೆಪ್ 5: ಸ್ಯಾಂಪಲ್, ಅದೂ ಸರಿಯಾದ ರೀತೀಲಿ

ಮೂರಕ್ಕಿಂತ ಹೆಚ್ಚು ಶೇಡ್ ಸ್ಯಾಂಪಲ್‌ಗೆ ಬೇಡ, ಒಂದು ನೀಲಿ ಕಡೆಯದ್ದು, ಒಂದು ಹಸಿರು ಕಡೆಯದ್ದು, ಒಂದು ಬೂದು ಜಾಸ್ತಿ ಇರೋದು. ಫೋನಲ್ಲಿ ಗೋಡೆ ಫೋಟೋಗೆ ಬಣ್ಣ ತುಂಬಿ ತೋರ್ಸೋ ಆಪ್‌ಗಳು ಈ ಗುಂಪಿಗೆ ಅಷ್ಟು ಉಪಯೋಗ ಇಲ್ಲ, ಯಾಕಂದ್ರೆ ಮಾಮೂಲಿ ಸ್ಕ್ರೀನ್‌ಗಳು ಅನುಸರಿಸೋ ಎಸ್‌ಆರ್‌ಜಿಬಿ ಅನ್ನೋ ಬಣ್ಣಗಳ ವ್ಯಾಪ್ತಿ ಗಟ್ಟಿ ನೀಲಿಹಸಿರಿನ ಕಡೆಗೇ ಚಿಕ್ಕದು, ಅಲ್ಲಿನ ಎಷ್ಟೋ ಬಣ್ಣಗಳನ್ನ ಸ್ಕ್ರೀನ್ ತೋರಿಸೋಕೇ ಆಗಲ್ಲ.

ಗೋಡೆ ಮೇಲೆ ನೇರವಾಗಿ ತೇಪೆ ಬಳಿಯೋ ಬದಲು ಎರಡಡಿ ಎರಡಡಿಯ ಗಟ್ಟಿ ಬೋರ್ಡ್ ತಗೊಂಡು ಬಿಳಿ ಪ್ರೈಮರ್ ಹಚ್ಚಿ, ಸುತ್ತ ಎರಡಿಂಚು ಬಿಳಿ ಅಂಚು ಬಿಟ್ಟು ಎರಡು ಕೋಟ್ ಹಚ್ಚಿ. ಬಿಳಿ ಅಂಚು ಯಾಕೆ ಅಂದ್ರೆ ಈಗಿರೋ ಗೋಡೆ ಬಣ್ಣ ಹಳದಿ ಇದ್ರೆ ಅದರ ಮೇಲಿಟ್ಟ ಟೀಲ್ ಇರೋದಕ್ಕಿಂತ ನೀಲಿಯಾಗಿ ಕಂಡು ಕಣ್ಣಿಗೆ ಮೋಸ ಮಾಡುತ್ತೆ, ನಡುವೆ ಬಿಳಿ ಇದ್ರೆ ಅದು ಕಡಿಮೆಯಾಗುತ್ತೆ. ಒದ್ದೆ ಇದ್ದಾಗ ತೀರ್ಪು ಕೊಡ್ಬೇಡಿ, ಎಮಲ್ಷನ್ ಪೇಂಟ್‌ನಲ್ಲಿ ಬಣ್ಣ ಹಿಡಿದಿಡೋ ಅಂಟು, ಅಂದ್ರೆ ಬೈಂಡರ್, ಒದ್ದೆ ಇದ್ದಾಗ ಹಾಲಿನ ಥರ ಬೆಳ್ಳಗಿದ್ದು ಒಣಗಿದಾಗ ಪಾರದರ್ಶಕ ಆಗುತ್ತೆ, ಹಾಗಾಗಿ ಬಣ್ಣ ಒಣಗಿದ್ಮೇಲೆ ಗಾಢವಾಗುತ್ತೆ, ಗಾಢ ಟೀಲ್‌ಗಳಲ್ಲಿ ಈ ವ್ಯತ್ಯಾಸ ಜೋರು. ಒಂದು ದಿನ ಬಿಟ್ಟು ನೋಡಿ.

ಬೋರ್ಡನ್ನ ಮೇಜಿನ ಮೇಲೆ ಮಲಗಿಸಿ ನೋಡ್ಬಾರ್ದು, ಗೋಡೆ ಥರ ನಿಲ್ಲಿಸಿ. ಕಿಟಕಿ ಎದುರಿನ ಗೋಡೆಗೆ ಒಮ್ಮೆ, ಕಿಟಕಿ ಇರೋ ಗೋಡೆಗೇ ಒಮ್ಮೆ (ಅಲ್ಲಿ ಯಾವಾಗಲೂ ಹೆಚ್ಚು ಗಾಢ ಕಾಣುತ್ತೆ), ಸೋಫಾ ಪಕ್ಕ, ನೆಲಕ್ಕೆ ತಾಗಿಸಿ, ರಾತ್ರಿ ಸ್ಟೆಪ್ 2ರಲ್ಲಿ ಆರಿಸಿದ ಬಲ್ಬ್ ಕೆಳಗೆ. ಒಂದೇ ಶೇಡಿನ ಎರಡು ಬೋರ್ಡ್ ಮಾಡಿ ರೂಮಿನ ಮೂಲೇಲಿ ಒಂದಕ್ಕೊಂದು ಎದುರಾಗೋ ಹಾಗೆ ನಿಲ್ಲಿಸಿದ್ರೆ ಇನ್ನೂ ಒಳ್ಳೇದು, ಆ ಎರಡರ ಸಂದಿಯಲ್ಲಿ ಕಾಣೋ ಬಣ್ಣವೇ ಪೂರ್ತಿ ಹಚ್ಚಿದ್ಮೇಲಿನ ರೂಮಿಗೆ ಎಲ್ಲಕ್ಕಿಂತ ಹತ್ತಿರ. ಕಷ್ಟ ಅನ್ಸಿದ್ರೂ ಇದೊಂದನ್ನ ಬಿಡ್ಬೇಡಿ.

ಮನೆಯವರ ಅಭಿಪ್ರಾಯನೂ ಈ ಹಂತದಲ್ಲೇ ಕೇಳಿ. ನೀಲಿ ಎಲ್ಲಿ ಮುಗಿದು ಹಸಿರು ಎಲ್ಲಿ ಶುರುವಾಗುತ್ತೆ ಅನ್ನೋದು ಒಬ್ಬೊಬ್ಬರ ಕಣ್ಣಿಗೆ ಒಂದೊಂದು ಥರ, ವಯಸ್ಸಾದವರ ಕಣ್ಣಿನ ಲೆನ್ಸ್ ಹಳದಿಗೆ ತಿರುಗಿ ನೀಲಿ ಬೆಳಕು ಕಡಿಮೆ ಒಳಗೆ ಹೋಗುತ್ತೆ, ಅಜ್ಜಿ ಹಸಿರು ಅಂದ್ರೆ ಅವರಿಗೆ ನಿಜವಾಗ್ಲೂ ಹಸಿರು ಕಡೆಗೇ ಕಾಣ್ತಿರಬಹುದು. ಅಲ್ಲಿ ಯಾವ ಬಣ್ಣ ಅಂತ ವಾದ ಮಾಡೋದು ಬಿಟ್ಟು ನೋಡೋಕೆ ಹಿತವಾಗಿದ್ಯಾ ಅಂತ ಕೇಳಿ ಸಾಕು.

ಸ್ಟೆಪ್ 6: ಎಷ್ಟು ಗೋಡೆ, ಜೊತೆಗೆ ಯಾವ ಬಿಳಿ

ಒಂದೇ ಗೋಡೆಗೆ ಹಚ್ಚೋದಾದ್ರೆ ಬಾಗಿಲಿಂದ ಒಳಗೆ ಬಂದ ತಕ್ಷಣ ಎದುರಾಗೋ ಗೋಡೆ, ಇಲ್ಲಾ ಮಂಚದ ತಲೆಭಾಗದ ಗೋಡೆ ಒಳ್ಳೇದು. ಕಿಟಕಿ ಇರೋ ಗೋಡೆಗೆ ಗಾಢ ಟೀಲ್ ಬೇಡ, ಹೊರಗಿನ ಬೆಳಕಿಗೂ ಗಾಢ ಗೋಡೆಗೂ ವ್ಯತ್ಯಾಸ ಹೆಚ್ಚಾಗಿ ಕಣ್ಣು ಕುಕ್ಕುತ್ತೆ. ಸಣ್ಣ ರೂಮಿಗೆ ನನ್ನ ಆಯ್ಕೆ ನಾಲ್ಕೂ ಗೋಡೆಗೆ ಒಂದೇ ಬಣ್ಣ, ಬಾಗಿಲ ಚೌಕಟ್ಟಿಗೂ ಅದೇ, ಅಂಚುಗಳು ಕಾಣದೆ ಹೋಗೋದ್ರಿಂದ ರೂಮು ತುಂಡು ತುಂಡಾಗಿ ಕಾಣಲ್ಲ.

ಬಾತ್‌ರೂಮ್ ಕನ್ನಡಿ ಸುತ್ತ, ಡ್ರೆಸಿಂಗ್ ಟೇಬಲ್ ಎದುರು ಗಟ್ಟಿ ಟೀಲ್ ಹಾಕ್ಬೇಡಿ. ಗೋಡೆಯಿಂದ ಪುಟಿದ ಬೆಳಕು ಮುಖದ ಮೇಲೆ ಬಿದ್ದು ಹುಷಾರಿಲ್ಲದವರ ಹಾಗೆ ಪೇಲವವಾಗಿ ಕಾಣ್ತೀರಿ, ಮೇಕಪ್ಪೂ ಹೆಚ್ಚುಕಮ್ಮಿ ಆಗುತ್ತೆ. ಅಲ್ಲಿಗೆ ತಿಳಿ ಬೂದು ಆಕ್ವಾ ಸಾಕು, ಗಾಢದ್ದೇ ಬೇಕು ಅನ್ನೋರು ಕನ್ನಡಿ ಪಕ್ಕ ಬೆಳಕು ನೇರ ಮುಖಕ್ಕೆ ಬೀಳೋ ಹಾಗೆ ದೀಪ ಇಡಿ.

ಸೀಲಿಂಗು, ಬಾಗಿಲಿಗೆ ಬಿಳಿ ಅಂದ್ರೆ ಯಾವ ಬಿಳಿ ಅಂತ ಪೇಂಟರ್ ಕೇಳಲ್ಲ, ನೀವೇ ಹೇಳ್ಬೇಕು. ನೀಲಿ ಕಡೆಯ ಟೀಲ್ ಪಕ್ಕ ಹಳದಿ ಕ್ರೀಮ್ ಇಟ್ರೆ ಕ್ರೀಮ್ ಹಳೇದಾಗಿ ಮಾಸಿದ ಹಾಗೆ ಕಾಣುತ್ತೆ, ಅಲ್ಲಿಗೆ ಶುಭ್ರ ಬಿಳಿ ಇಲ್ಲಾ ತುಸು ಬೂದು ಇರೋ ಬಿಳಿ ಸರಿ. ಹಸಿರು ಕಡೆಯ, ಬೂದು ಬೆರೆತ ಟೀಲ್‌ಗೆ ಮಾತ್ರ ಬೆಚ್ಚಗಿನ ಆಫ್ ವೈಟ್ ಹೊಂದುತ್ತೆ. ಬಿಳಿಯ ಸ್ಯಾಂಪಲ್ಲನ್ನೂ ಟೀಲ್ ಬೋರ್ಡ್ ಪಕ್ಕದಲ್ಲೇ ಹಿಡಿದು ನೋಡಿ.

ಸ್ಟೆಪ್ 7: ಫಿನಿಶ್

ಫಿನಿಶ್ ಅಂದ್ರೆ ಒಣಗಿದ ಪೇಂಟಿಗಿರೋ ಹೊಳಪು. ಹೊಳಪಿಲ್ಲದ ಮ್ಯಾಟ್‌ನಲ್ಲಿ ಟೀಲ್ ಮಖ್ಮಲ್ ಥರ ಮೆತ್ತಗೆ ಕಾಣುತ್ತೆ, ಗೋಡೆಯ ಉಬ್ಬುತಗ್ಗು ಮುಚ್ಚುತ್ತೆ, ಆದ್ರೆ ಗಾಢ ಮ್ಯಾಟ್ ಗೋಡೆಗೆ ಬೆನ್ನು ಕೈ ಉಜ್ಜಿದ್ರೆ ಅಲ್ಲಿ ಹೊಳಪಿನ ಗುರುತು ಬೀಳುತ್ತೆ, ಹೋಗಲ್ಲ. ಮಕ್ಕಳಿರೋ ಮನೆ, ಓಡಾಡೋ ಪ್ಯಾಸೇಜಿಗೆ ಸ್ವಲ್ಪ ಹೊಳಪಿರೋ ಎಗ್‌ಶೆಲ್ ಇಲ್ಲಾ ಸ್ಯಾಟಿನ್. ಪೂರ್ತಿ ಹೊಳೆಯೋ ಗ್ಲಾಸಿ ಫಿನಿಶ್ ಒಳಗೋಡೆಗೆ ಬೇಡ, ಪುಟ್ಟಿಯ ಒಂದೊಂದು ತಪ್ಪೂ ಎದ್ದು ಕಾಣುತ್ತೆ. ಒಂದೇ ಶೇಡ್ ಮ್ಯಾಟಲ್ಲಿ ತಿಳಿ, ಸ್ಯಾಟಿನಲ್ಲಿ ಗಾಢ ಮತ್ತು ಗಟ್ಟಿ ಕಾಣೋದ್ರಿಂದ ಸ್ಯಾಂಪಲ್ ಬೋರ್ಡನ್ನೂ ನೀವು ಹಚ್ಚಿಸೋ ಫಿನಿಶ್‌ನಲ್ಲೇ ಮಾಡಿ.

ಸ್ಟೆಪ್ 8: ಕೊಳ್ಳೋದು, ಹಚ್ಚಿಸೋದು

ಲೆಕ್ಕ ಹೀಗೆ. 4 ಮೀಟರ್‌ಗೆ 3.5 ಮೀಟರ್ ರೂಮು, ಎತ್ತರ 3 ಮೀಟರ್ ಅಂದ್ಕೊಳ್ಳಿ. ಸುತ್ತಳತೆ 15, ಎತ್ತರದಿಂದ ಗುಣಿಸಿದ್ರೆ 45 ಚದರ ಮೀಟರ್, ಬಾಗಿಲು ಕಿಟಕಿಗೆ 5 ಕಳೆದ್ರೆ 40. ಎರಡು ಕೋಟ್‌ಗೆ 80. ಲೀಟರ್‌ಗೆ ಒಂದು ಕೋಟ್ 10 ಚದರ ಮೀಟರ್ ಅಂತ ಹಿಡಿದ್ರೆ 8 ಲೀಟರ್. ಡಬ್ಬದ ಮೇಲಿರೋ ಕವರೇಜ್ ನೋಡಿ ನಿಮ್ಮ ಸಂಖ್ಯೆ ಹಾಕ್ಕೊಳ್ಳಿ, ಗಾಢ ಶೇಡಿಗೆ ಮೂರನೇ ಕೋಟ್ ಬೇಕಾಗೋ ಸಾಧ್ಯತೆ ಲೆಕ್ಕದಲ್ಲಿರಲಿ.

ಮೂರನೇ ಕೋಟ್ ಯಾಕೆ ಅಂದ್ರೆ, ಗಾಢ ಬಣ್ಣಕ್ಕೆ ಬಳಸೋ ಬೇಸ್‌ನಲ್ಲಿ (ಬಣ್ಣ ಬೆರೆಸೋಕೆ ಮುಂಚಿನ ಪೇಂಟ್) ಟೈಟಾನಿಯಂ ಡೈಆಕ್ಸೈಡ್ ಅನ್ನೋ ಬಿಳಿ ಪುಡಿ ಬಹಳ ಕಡಿಮೆ, ಮುಚ್ಚೋ ಶಕ್ತಿ ಬರೋದೇ ಅದರಿಂದ, ಅದಿಲ್ಲದೆ ಕೆಳಗಿನ ಬಿಳಿ ಗೋಡೆ ಇಣುಕುತ್ತೆ. ಬಿಳಿ ಪ್ರೈಮರ್ ಬದಲು ಬೂದು ಬಣ್ಣ ಬೆರೆಸಿದ ಪ್ರೈಮರ್ ಹಚ್ಚಿಸಿದ್ರೆ ಎಷ್ಟೋ ಸಲ ಎರಡೇ ಕೋಟಲ್ಲಿ ಮುಗಿಯುತ್ತೆ. ಪೇಂಟರ್ ಬೇಡ ಅಂದ್ರೂ ಕೇಳಿ ಹಾಕಿಸಿ.

ಟಿಂಟಿಂಗ್, ಅಂದ್ರೆ ಅಂಗಡಿ ಮಷಿನ್‌ನಲ್ಲಿ ಬೇಸ್‌ಗೆ ಬಣ್ಣ ಬೆರೆಸೋದರ ಬಗ್ಗೆ ಒಂದು ಎಚ್ಚರಿಕೆ. ಈ ಬಣ್ಣಗಳಿಗೆ ಸಾಮಾನ್ಯವಾಗಿ ಹಾಕೋದು ಥಾಲೋ ನೀಲಿ, ಥಾಲೋ ಹಸಿರು ಅನ್ನೋ ಪಿಗ್ಮೆಂಟ್‌ಗಳು, 1930ರ ದಶಕದಲ್ಲಿ ಮಾರುಕಟ್ಟೆಗೆ ಬಂದವು, ಬಿಸಿಲಿಗೆ ಸುಲಭವಾಗಿ ಮಾಸಲ್ಲ ಅನ್ನೋದು ದೊಡ್ಡ ಗುಣ, ಆದ್ರೆ ಇವುಗಳ ಬಣ್ಣ ಕೊಡೋ ಶಕ್ತಿ ವಿಪರೀತ, ಸ್ವಲ್ಪ ಹೆಚ್ಚುಕಮ್ಮಿ ಆದ್ರೂ ಡಬ್ಬಿಯಿಂದ ಡಬ್ಬಿಗೆ ಶೇಡ್ ಬದಲಾಗುತ್ತೆ. ಅದಕ್ಕೆ ಒಂದು ರೂಮಿಗೆ ಬೇಕಾದಷ್ಟನ್ನೂ ಒಂದೇ ಸಲ, ಒಂದೇ ಮಷಿನ್‌ನಲ್ಲಿ ಮಾಡಿಸಿ, ಮನೆಗೆ ತಂದು ಎಲ್ಲ ಡಬ್ಬಿಯನ್ನೂ ದೊಡ್ಡ ಬಕೆಟ್‌ಗೆ ಸುರಿದು ಚೆನ್ನಾಗಿ ಕಲಸಿ ಆಮೇಲೆ ಶುರು ಮಾಡಿಸಿ. ಅರ್ಧ ಗೋಡೆಗೆ ಬಂದಾಗ ಬಣ್ಣ ಮುಗಿದು ಹೊಸ ಡಬ್ಬಿ ತಂದ್ರೆ ಸಂಜೆ ಓರೆ ಬೆಳಕಲ್ಲಿ ಜೋಡಣೆ ಕಂಡೇ ಕಾಣುತ್ತೆ. ಒಂದು ಗೋಡೆ ಶುರು ಮಾಡಿದ್ರೆ ಮಧ್ಯೆ ನಿಲ್ಲಿಸದೆ ಒದ್ದೆ ಅಂಚು ಒಣಗೋ ಮುಂಚೆ ಮುಂದಿನ ಪಟ್ಟಿ ಹೊಡೀಬೇಕು, ಗಾಢ ಟೀಲಲ್ಲಿ ರೋಲರ್ ಪಟ್ಟಿಗಳು ಬೇಗ ಕಾಣ್ತವೆ.

ಮೊದಲನೇ ಕೋಟ್ ಮುಗಿದಾಗ ತೇಪೆ ತೇಪೆಯಾಗಿ, ಒಂಚೂರು ಜೋರಾಗಿ ಕಾಣುತ್ತೆ, ರೂಮೂ ಖಾಲಿ ಇರುತ್ತೆ, ಆಗ ಗಾಬರಿಯಾಗಿ ಶೇಡ್ ಬದಲಾಯಿಸೋಕೆ ಹೋಗ್ಬೇಡಿ. ಎರಡನೇ ಕೋಟ್ ಒಣಗಿ, ಪರದೆ, ಕಾರ್ಪೆಟ್, ಸಾಮಾನು ಎಲ್ಲ ವಾಪಸ್ ಬಂದ್ಮೇಲೆ ನೋಡಿ, ಗೋಡೆಯ ಅರ್ಧ ಭಾಗ ಮರೆಯಾಗಿ ಬಣ್ಣ ತಾನಾಗೇ ತಣ್ಣಗಾಗುತ್ತೆ.

ಉಳಿದ ಪೇಂಟನ್ನ ಗಾಳಿ ಹೋಗದ ಸಣ್ಣ ಡಬ್ಬೀಲಿ ತುಂಬಿಡಿ, ಮೇಲೆ ಶೇಡ್ ಕೋಡ್, ಬೇಸ್, ಫಿನಿಶ್, ಟಿಂಟಿಂಗ್ ಫಾರ್ಮುಲಾ, ತಾರೀಕು, ಯಾವ ರೂಮಿಗೆ ಅಂತ ಬರೆದು ಅಂಟಿಸಿ, ಒಂದು ಫೋಟೋನೂ ತೆಗೆದಿಟ್ಕೊಳ್ಳಿ. ಗಾಢ ಟೀಲ್ ಗೋಡೆ ನಡುವೆ ಸಣ್ಣ ತೇಪೆ ಹಚ್ಚಿದ್ರೆ ಅದೇ ಡಬ್ಬಿಯ ಬಣ್ಣ ಆದ್ರೂ ಗುರುತು ಉಳಿಯುತ್ತೆ, ಗೀರು ಬಿದ್ರೆ ಒಂದು ಮೂಲೆಯಿಂದ ಇನ್ನೊಂದು ಮೂಲೆವರೆಗೆ ಆ ಗೋಡೆ ಪೂರ್ತಿ ಒಂದು ಕೋಟ್ ಹೊಡೀಬೇಕು, ಅದಕ್ಕೆ ಸಾಲೋಷ್ಟು, ಅಂದ್ರೆ ಒಂದೂವರೆ ಲೀಟರ್ ಆದ್ರೂ, ಮೊದಲೇ ಹೆಚ್ಚಿಗೆ ಮಾಡಿಸಿ ಇಟ್ಕೊಳ್ಳಿ.